ಬದಲಿಸುವುದು ಸಲೀಸು, ವಾಪಸು ಬರುವ ದಾರಿ?

ರೌಟರ್, ಸ್ವಿಚ್, ಫೈರ್‌ವಾಲ್ ಮಾರುವ ಕಂಪನಿಗಳು ಕೆಲವು ವರ್ಷಗಳಿಂದ ಒಂದು ಮಾತನ್ನು ಎತ್ತಿ ಹೇಳುತ್ತಿವೆ. ಉಪಕರಣದ ಕಾನ್ಫಿಗರೇಶನ್ ಬದಲಿಸಲು ಇನ್ನು ಒಂದೊಂದಕ್ಕೂ ಲಾಗಿನ್ ಆಗಿ ಕಮಾಂಡ್ ಟೈಪ್ ಮಾಡುತ್ತ ಕೂರಬೇಕಿಲ್ಲ, ವೆಬ್ ಎಪಿಐ ಇದೆ ಎನ್ನುತ್ತವೆ. ಬ್ರೌಸರ್ ವೆಬ್‌ಸೈಟಿಗೆ ಕೋರಿಕೆ ಕಳಿಸುವಂತೆಯೇ ನಿಮ್ಮ ಪ್ರೋಗ್ರಾಂ ಉಪಕರಣಕ್ಕೆ ಒಂದು ಕೋರಿಕೆ ಕಳಿಸುತ್ತದೆ, ಉಪಕರಣ ಅದನ್ನು ಓದಿ ತನ್ನ ಸೆಟ್ಟಿಂಗ್ ತಿದ್ದಿಕೊಳ್ಳುತ್ತದೆ. ನೂರಾರು ಸ್ವಿಚ್‌ಗಳ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಇದೆಲ್ಲ ನಿಜವೇ. ಆದರೆ ಈ ಪದ್ಧತಿಯ ಲಾಭಗಳಲ್ಲಿ ವೇಗ ತೀರಾ ಚಿಕ್ಕದು ಎಂದು ನನಗನಿಸುತ್ತದೆ. ಬದಲಾವಣೆಯನ್ನು ಒಂದು ದಾಖಲೆಯಾಗಿ ಬರೆಯಲು, ಪರೀಕ್ಷಿಸಲು, ತಪ್ಪಿದ್ದರೆ ಉಪಕರಣವೇ ಅದನ್ನು ತಿರಸ್ಕರಿಸಲು ಸಾಧ್ಯವಾಗಿದ್ದು ದೊಡ್ಡ ಲಾಭ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ತಿರಸ್ಕಾರಕ್ಕೆ ಸಿಗದೆ ಒಳನುಗ್ಗಿದ ತಪ್ಪು ಬದಲಾವಣೆಯನ್ನು ಉಪಕರಣ ಯಾರ ನೆರವೂ ಇಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬಲ್ಲದೇ? ಒಂದು ಎಪಿಐ ಒಳ್ಳೆಯದೋ ಅಲ್ಲವೋ ಎಂಬುದನ್ನು ಈ ಪ್ರಶ್ನೆಯಿಂದ ಅಳೆಯಬೇಕು. ಇವತ್ತು ಹೆಚ್ಚು ಬಳಕೆಯಲ್ಲಿರುವ ವೆಬ್ ಮಾನದಂಡದಲ್ಲಿ ಇದೇ ಜಾಗದಲ್ಲಿ ಒಂದು ಕೊರತೆಯಿದೆ, ಅದರ ಬಗ್ಗೆ ಸಾಕಷ್ಟು ಮಾತಾಗುತ್ತಿಲ್ಲ.

ಇದು ಎಂಜಿನಿಯರುಗಳ ಒಳಮನೆಯ ವಿಷಯ ಎಂದುಕೊಳ್ಳುವಂತಿಲ್ಲ. ಯಾವ ಕೇಬಲ್ಲಿನಿಂದ ಬಂದ ಮಾಹಿತಿ ಎಲ್ಲಿಗೆ ಹೋಗಬೇಕು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ರೌಟರಿಗೆ ಹೇಳುವುದು ಕಾನ್ಫಿಗರೇಶನ್. ಬ್ಯಾಂಕಿನ ಎಟಿಎಂ, ಆಸ್ಪತ್ರೆಯ ಲ್ಯಾಬ್ ವರದಿ, ತುರ್ತು ಕರೆ ಎಲ್ಲವೂ ಅದರ ಮೇಲೆ ನಿಂತಿವೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಚೇರಿಗಳನ್ನು ಜಿಲ್ಲೆ, ತಾಲ್ಲೂಕುಗಳವರೆಗೆ ಜೋಡಿಸುವ ಕೆ-ಸ್ವಾನ್ ಜಾಲ ನಿಂತಿರುವುದೂ ಇಂಥ ಉಪಕರಣಗಳ ಮೇಲೆಯೇ. ಕೌಂಟರಿನ ಆಚೆ ಬದಿಯಿಂದ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಉತ್ತರ ಬಂದಾಗ ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಹೋಗುವ ದಾರಿ ಕೆಟ್ಟಿರುತ್ತದೆ. ಜಗತ್ತಿನ ದೊಡ್ಡ ನೆಟ್‌ವರ್ಕ್ ಕಂಪನಿಗಳ ಸಾಫ್ಟ್‌ವೇರ್ ಬರೆಯುವ ಕಚೇರಿಗಳು ಬೆಂಗಳೂರಿನಲ್ಲಿವೆ. ದೂರದ ದೇಶಗಳ ಜಾಲಗಳನ್ನು ರಾತ್ರಿಯಿಡೀ ಕಾಯುವ ನಿಗಾ ಕೇಂದ್ರಗಳೂ ಇಲ್ಲಿವೆ. ಈ ಕೆಲಸ ಮಾಡುವವರೂ ನಮ್ಮವರೇ, ಕೆಟ್ಟಾಗ ಸಾಲಿನಲ್ಲಿ ನಿಂತು ಕಾಯುವವರೂ ನಮ್ಮವರೇ.

ಹಳೆಯ ಪದ್ಧತಿಯ ತೊಂದರೆ ಏನಿತ್ತು ಎಂಬುದನ್ನು ಒಂದೇ ಕಮಾಂಡ್ ಇಟ್ಟುಕೊಂಡು ನೋಡಬಹುದು. ಸಿಸ್ಕೊ ಸ್ವಿಚ್ಚಿನಲ್ಲಿ ಎರಡು ಸ್ವಿಚ್‌ಗಳ ನಡುವಿನ ಟ್ರಂಕ್ ಪೋರ್ಟಿನ ಮೇಲೆ ಯಾವ ಯಾವ ವಿಲ್ಯಾನ್‌ಗಳು, ಅಂದರೆ ಒಂದೇ ಕೇಬಲ್ಲಿನಲ್ಲಿ ಬೇರೆಬೇರೆಯಾಗಿ ಹರಿಯುವ ಜಾಲಗಳು, ಹಾದುಹೋಗಬಹುದು ಎಂಬ ಪಟ್ಟಿ ಇರುತ್ತದೆ. ಅಲ್ಲಿ 10 ಮತ್ತು 20 ಇವೆ, ಈಗ 30 ಸೇರಿಸಬೇಕು ಎಂದಿಟ್ಟುಕೊಳ್ಳಿ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30’ ಎಂದು ಟೈಪ್ ಮಾಡಬೇಕು. ನಡುವಿನ ‘ಆ್ಯಡ್’ ಬಿಟ್ಟುಹೋದರೂ ಕಮಾಂಡ್ ಸರಿಯಾದದ್ದೇ. ಸ್ವಿಚ್ ತಕರಾರು ಮಾಡುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಳೆಯ ಪಟ್ಟಿಯನ್ನು ಅಳಿಸಿ 30 ಒಂದನ್ನೇ ಉಳಿಸಿಕೊಳ್ಳುತ್ತದೆ. 10 ಮತ್ತು 20ರಲ್ಲಿದ್ದ ಕಚೇರಿಗಳು ಆ ಕ್ಷಣವೇ ಜಾಲದಿಂದ ಹೊರಬೀಳುತ್ತವೆ. ಸ್ವಿಚ್ಚಿಗೆ ಲಾಗಿನ್ ಆಗಲು ಬಳಸುತ್ತಿದ್ದ ವಿಲ್ಯಾನ್ ಕೂಡ ಆ ಅಳಿದ ಪಟ್ಟಿಯಲ್ಲೇ ಇದ್ದರೆ, ತಪ್ಪು ಮಾಡಿದವರಿಗೆ ಅದನ್ನು ಸರಿಪಡಿಸಲು ಬಾಗಿಲೂ ಇರುವುದಿಲ್ಲ. ಕಾರು ಹತ್ತಿ ಆ ಸ್ವಿಚ್ ಇರುವಲ್ಲಿಗೇ ಹೋಗಿ ಕನ್ಸೋಲ್ ಕೇಬಲ್ ಚುಚ್ಚಬೇಕು. ನೆಟ್‌ವರ್ಕ್ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಪ್ಪು. ಗೊತ್ತಿದ್ದೂ ಇವತ್ತಿಗೂ ಆಗುತ್ತಲೇ ಇದೆ, ಯಾಕೆಂದರೆ ಸೇರಿಸುವ ಆಜ್ಞೆಗೂ ಅಳಿಸಿ ಬರೆಯುವ ಆಜ್ಞೆಗೂ ಒಂದೇ ಒಂದು ಪದದ ವ್ಯತ್ಯಾಸ.

ಮನುಷ್ಯ ಟೈಪ್ ಮಾಡುತ್ತಿದ್ದುದನ್ನು ಸ್ಕ್ರಿಪ್ಟ್ ಟೈಪ್ ಮಾಡುವಂತೆ ಮಾಡಿದ್ದು ಮುಂದಿನ ಹೆಜ್ಜೆ. ಅದರಿಂದ ಸಮಸ್ಯೆ ಕಡಿಮೆಯಾಗಲಿಲ್ಲ. ಕಮಾಂಡ್‌ಲೈನ್ ಇರುವುದೇ ಮನುಷ್ಯನ ಕಣ್ಣಿಗಾಗಿ. ಪರದೆಯ ಮೇಲೆ ಬಂದ ಸಾಲುಗಳನ್ನು ಪ್ರೋಗ್ರಾಂ ಓದಿ ಅರ್ಥ ಮಾಡಿಕೊಳ್ಳಬೇಕೆಂದರೆ, ಮುಂದಿನ ಆವೃತ್ತಿಯಲ್ಲಿ ಒಂದು ಕಾಲಂ ಆಚೀಚೆ ಸರಿದರೂ ಅದು ದಾರಿ ತಪ್ಪುತ್ತದೆ. ಇದಕ್ಕಿಂತ ಅಪಾಯದ್ದು ಅರ್ಧಕ್ಕೆ ನಿಂತ ಬದಲಾವಣೆ. ಹತ್ತು ಸಾಲಿನ ಸ್ಕ್ರಿಪ್ಟಿನಲ್ಲಿ ಏಳನೆಯ ಸಾಲು ದೋಷಕ್ಕೆ ಸಿಕ್ಕರೆ ಮೊದಲ ಆರು ಸಾಲು ಆಗಲೇ ಜಾರಿಯಾಗಿರುತ್ತವೆ. ಹಳೆಯ ಸ್ಥಿತಿಯೂ ಇಲ್ಲ, ಹೊಸ ಸ್ಥಿತಿಯೂ ಇಲ್ಲ, ಯಾರೂ ಯೋಜಿಸದ ಮೂರನೆಯ ಸ್ಥಿತಿಯಲ್ಲಿ ಉಪಕರಣ ನಿಂತಿರುತ್ತದೆ. 1988ರಿಂದ ಇದ್ದ ಎಸ್‌ಎನ್‌ಎಂಪಿ ಪ್ರೋಟೋಕಾಲ್ ಈ ಕೆಲಸ ಮಾಡಬಹುದಿತ್ತು, ಅದರಲ್ಲಿ ಬರೆಯುವ ಸೌಲಭ್ಯವೂ ಇತ್ತು. ಆದರೆ ಜಾಲ ನಡೆಸುವವರು ಅದನ್ನು ಉಪಕರಣದ ಆರೋಗ್ಯ ನೋಡಲು ಮಾತ್ರ ಬಳಸಿದರು, ಕಾನ್ಫಿಗರೇಶನ್‌ಗೆ ಕಮಾಂಡ್‌ಲೈನನ್ನೇ ನಂಬಿದರು. ಕೊನೆಗೆ 2002ರ ಜೂನ್‌ನಲ್ಲಿ ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ ಅಮೆರಿಕದ ವರ್ಜೀನಿಯಾದ ರೆಸ್ಟನ್‌ನಲ್ಲಿ ಮೂರು ದಿನಗಳ ಕಾರ್ಯಾಗಾರ ಕರೆದು, ಮಾನದಂಡ ಬರೆಯುವವರನ್ನೂ ಜಾಲ ನಡೆಸುವವರನ್ನೂ ಎದುರುಬದುರು ಕೂರಿಸಿತು. ಅದರ ವರದಿ ಮರುವರ್ಷ, ಇಂಟರ್‌ನೆಟ್ ಮಾನದಂಡಗಳು ಪ್ರಕಟವಾಗುವ ದಾಖಲೆಗಳ ಸರಣಿಯಲ್ಲಿ, ಆರ್‌ಎಫ್‌ಸಿ 3535 ಎಂಬ ಹೆಸರಿನಲ್ಲಿ ಹೊರಬಂತು. ಬಳಸಲು ಸುಲಭವಾಗಿರಬೇಕು, ನಾವು ಕೊಟ್ಟ ಸೆಟ್ಟಿಂಗ್ ಯಾವುದು ಉಪಕರಣದ ಈಗಿನ ಸ್ಥಿತಿ ಯಾವುದು ಎಂದು ಬೇರ್ಪಡಿಸಿ ತೋರಿಸಬೇಕು, ಇಡೀ ಕಾನ್ಫಿಗರೇಶನ್ ತೆಗೆದಿಡಲೂ ಮರಳಿ ಹಾಕಲೂ ಬರಬೇಕು, ಹಲವು ಉಪಕರಣಗಳ ಮೇಲೆ ಒಂದೇ ವ್ಯವಹಾರವಾಗಿ ಬದಲಾವಣೆ ನಡೆಯಬೇಕು ಎಂಬ ಬೇಡಿಕೆಗಳು ಅದರಲ್ಲಿದ್ದವು. ವೇಗ ಬೇಕು ಎಂಬುದಕ್ಕಿಂತ ನಂಬಿಕೆ ಬೇಕು ಎಂಬ ದನಿ ಆ ಪಟ್ಟಿಯಲ್ಲಿ ಜೋರಾಗಿ ಕೇಳುತ್ತದೆ.

ಆ ಬೇಡಿಕೆಗಳಿಂದ ಹುಟ್ಟಿದ್ದು ನೆಟ್‌ಕಾನ್ಫ್. 2006ರಲ್ಲಿ ಬಂದ ಅದು 2011ರಲ್ಲಿ ಪರಿಷ್ಕಾರಗೊಂಡಿತು. ಉಪಕರಣದಲ್ಲಿ ಏನೇನು ಬದಲಿಸಬಹುದು, ಯಾವ ಮೌಲ್ಯಕ್ಕೆ ಯಾವ ಮಿತಿ ಎಂದು ಬರೆದಿಡುವ ಯಾಂಗ್ ಎಂಬ ಭಾಷೆ 2010ರಲ್ಲಿ ಬಂತು. ನೆಟ್‌ಕಾನ್ಫ್ ಬಲವಾದದ್ದು, ಆದರೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಲಾಗಿನ್ ಸಂಪರ್ಕದ ಮೇಲೆ ಎಕ್ಸ್‌ಎಂಎಲ್ ಹರಿಸುವ ಅದರ ರೀತಿ ವೆಬ್ ಪ್ರೋಗ್ರಾಮರುಗಳಿಗೆ ಒಗ್ಗಲಿಲ್ಲ. ಹಾಗಾಗಿ 2017ರ ಜನವರಿಯಲ್ಲಿ ಆರ್‌ಎಫ್‌ಸಿ 8040 ಎಂಬ ದಾಖಲೆಯ ಮೂಲಕ ರೆಸ್ಟ್‌ಕಾನ್ಫ್ ಬಂತು. ಯಾಂಗ್ ಮಾದರಿಗಳು ಅವೇ, ಸಾಗಿಸುವ ವಾಹನ ಮಾತ್ರ ಎಚ್‌ಟಿಟಿಪಿಎಸ್. ಉಪಕರಣದ ಪ್ರತಿ ಇಂಟರ್‌ಫೇಸಿಗೂ ಒಂದು ವೆಬ್ ವಿಳಾಸ ಇರುತ್ತದೆ. ಅಲ್ಲಿಗೆ ‘ಗೆಟ್’ ಕಳಿಸಿದರೆ ಈಗಿನ ಸೆಟ್ಟಿಂಗ್ ಜೇಸನ್ ರೂಪದಲ್ಲಿ ಬರುತ್ತದೆ. ‘ಪುಟ್’ ಅಥವಾ ‘ಪ್ಯಾಚ್’ ಕಳಿಸಿದರೆ ಸೆಟ್ಟಿಂಗ್ ಬದಲಾಗುತ್ತದೆ. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೈಥಾನ್ ಕಲಿತವರೂ ಇಂಥದ್ದನ್ನು ಅರ್ಧ ದಿನದಲ್ಲಿ ಬರೆಯಬಲ್ಲರು. ಈ ಸರಳತೆ ಚಿಕ್ಕ ವಿಷಯವಲ್ಲ, ನೆಟ್‌ವರ್ಕ್ ಕೆಲಸವನ್ನು ಅದು ಎಷ್ಟೋ ಹೊಸಬರಿಗೆ ತೆರೆದಿದೆ.

ಮೊದಲ ದೊಡ್ಡ ಲಾಭ ತಿರಸ್ಕಾರದ್ದು ಎಂದೆ. ಯಾಂಗ್ ಮಾದರಿಯಲ್ಲಿ ಐಪಿವಿ4 ವಿಳಾಸದ ಪ್ರಿಫಿಕ್ಸ್ ಉದ್ದ 0ಯಿಂದ 32ರೊಳಗೆ ಇರಬೇಕು ಎಂದು ಬರೆದಿದೆ. 33 ಎಂದು ಕಳಿಸಿದರೆ ಉಪಕರಣ ಅದನ್ನು ಮುಟ್ಟುವುದಿಲ್ಲ, ಏನು ತಪ್ಪು, ಯಾವ ಜಾಗದಲ್ಲಿ ತಪ್ಪು ಎಂಬ ವಿವರದೊಂದಿಗೆ ವಾಪಸು ಕಳಿಸುತ್ತದೆ. ಕಮಾಂಡ್‌ಲೈನೂ ಇಂಥ ತಪ್ಪು ಹಿಡಿಯುತ್ತದೆ ಎನ್ನಬಹುದು. ಹಿಡಿಯುತ್ತದೆ, ಆದರೆ ಒಂದೊಂದೇ ಸಾಲನ್ನು ನೋಡಿ ಹಿಡಿಯುತ್ತದೆ. ರೆಸ್ಟ್‌ಕಾನ್ಫ್‌ನಲ್ಲಿ ಒಂದು ಕೋರಿಕೆಯಲ್ಲಿ ಹತ್ತು ಬದಲಾವಣೆ ಇದ್ದರೆ ಹತ್ತೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಆ ಅರ್ಧಂಬರ್ಧ ಸ್ಥಿತಿಗೆ ಇಲ್ಲಿ ಜಾಗವಿಲ್ಲ. ಜೊತೆಗೆ, ಕಳಿಸುವ ಮೊದಲೇ ಆ ಜೇಸನ್ ದಾಖಲೆಯನ್ನು ಬದಲಾವಣೆಗಳ ಇತಿಹಾಸ ಕಾಪಿಡುವ ಗಿಟ್‌ನಲ್ಲಿ ಇಟ್ಟು, ಇನ್ನೊಬ್ಬ ಎಂಜಿನಿಯರ್ ನೋಡಿ ಒಪ್ಪಿ, ಯಾಂಗ್ ಮಾದರಿಯ ಎದುರು ಅದನ್ನು ಪರೀಕ್ಷಿಸಬಹುದು. ಉಪಕರಣವನ್ನು ಮುಟ್ಟದೆಯೇ ಎಷ್ಟೋ ತಪ್ಪುಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಇನ್ನು ‘ಆ್ಯಡ್’ ಮರೆತ ತಪ್ಪು ಇಲ್ಲಿ ಇಲ್ಲವೇ ಎಂದರೆ, ಅದು ವೇಷ ಬದಲಿಸಿಕೊಂಡು ಇದೆ. ‘ಪುಟ್’ ಎಂದರೆ ಈ ವಿಳಾಸದಲ್ಲಿ ಇರುವುದನ್ನೆಲ್ಲ ತೆಗೆದು ನಾನು ಕೊಟ್ಟಿದ್ದನ್ನು ಇಡು ಎಂದು. ‘ಪ್ಯಾಚ್’ ಎಂದರೆ ನಾನು ಕೊಟ್ಟಿದ್ದನ್ನು ಇರುವುದರ ಜೊತೆ ಸೇರಿಸು ಎಂದು. ಒಂದು ಇಂಟರ್‌ಫೇಸಿನ ವಿವರಣೆಯನ್ನಷ್ಟೇ ಬದಲಿಸಲು ಹೊರಟವರು ‘ಪ್ಯಾಚ್’ ಬದಲು ‘ಪುಟ್’ ಬಳಸಿ, ಐಪಿ ವಿಳಾಸವನ್ನು ಕೋರಿಕೆಯಲ್ಲಿ ಬರೆಯದಿದ್ದರೆ, ಆ ವಿಳಾಸ ಹೋಗುತ್ತದೆ. ಒಂದು ಹಂತ ಮೇಲಿನ ವಿಳಾಸಕ್ಕೆ, ಅಂದರೆ ಇಂಟರ್‌ಫೇಸುಗಳ ಇಡೀ ಪಟ್ಟಿಯನ್ನು ಹೊತ್ತ ವಿಳಾಸಕ್ಕೆ ‘ಪುಟ್’ ಕಳಿಸಿದರೆ ಆಗುವ ಹಾನಿಗೆ ಹೋಲಿಸಿದರೆ ವಿಲ್ಯಾನ್ ಪಟ್ಟಿಯ ತಪ್ಪು ಏನೂ ಅಲ್ಲ. ಹಾಗಂತ ಎರಡೂ ಪದ್ಧತಿ ಒಂದೇ ಎಂದು ಒಪ್ಪಲಾರೆ. ಇಲ್ಲಿ ಅಳಿಸಿ ಬರೆಯುವುದಕ್ಕೂ ಸೇರಿಸುವುದಕ್ಕೂ ಇರುವ ಭೇದ ಎಲ್ಲ ಕಂಪನಿಗಳ ಉಪಕರಣಗಳಲ್ಲೂ, ಎಲ್ಲ ಸೆಟ್ಟಿಂಗ್‌ಗಳಿಗೂ ಒಂದೇ ರೀತಿಯದು. ಆದ್ದರಿಂದ ಅದರ ಸುತ್ತ ಬೇಲಿ ಹಾಕಬಹುದು. ‘ಪುಟ್’ ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂದು ತಂಡ ಒಂದು ನಿಯಮ ಮಾಡಿ ಪ್ರೋಗ್ರಾಮಿನಲ್ಲೇ ತಡೆ ಇಡಬಹುದು. ನೂರು ಕಮಾಂಡ್‌ಗಳಿಗೆ ನೂರು ಬಗೆಯ ಅಭ್ಯಾಸ ಇರುವಲ್ಲಿ ಇಂಥ ಬೇಲಿ ಹಾಕಲು ಬರುವುದಿಲ್ಲ.

ಇಬ್ಬರು ಒಂದೇ ಹೊತ್ತಿಗೆ ಬದಲಿಸಲು ಹೊರಟಾಗ ಏನಾಗುತ್ತದೆ ಎಂಬುದಕ್ಕೂ ವೆಬ್ ಲೋಕದಿಂದ ಒಂದು ಒಳ್ಳೆಯ ಉಪಾಯ ಬಂದಿದೆ. ಕಾನ್ಫಿಗರೇಶನ್ ಓದುವಾಗ ಉಪಕರಣ ಅದರ ಜೊತೆ ಇ-ಟ್ಯಾಗ್ ಎಂಬ ಗುರುತು ಕೊಡುತ್ತದೆ, ಕಾನ್ಫಿಗರೇಶನ್ ಬದಲಾದಾಗಲೆಲ್ಲ ಆ ಗುರುತೂ ಬದಲಾಗುತ್ತದೆ. ‘ನಾನು ಓದಿದಾಗಿನ ಗುರುತು ಇನ್ನೂ ಹಾಗೇ ಇದ್ದರೆ ಮಾತ್ರ ಇದನ್ನು ಜಾರಿ ಮಾಡು’ ಎಂಬ ಷರತ್ತು ಹಾಕಿ ಬರೆಯಬಹುದು. ನಡುವೆ ಬೇರೆ ಯಾರಾದರೂ ಕೈಹಾಕಿದ್ದರೆ ಉಪಕರಣ 412 ಎಂಬ ಉತ್ತರ ಕೊಟ್ಟು ನಿಲ್ಲಿಸುತ್ತದೆ. ಇದು ಇಷ್ಟು ಅಗ್ಗದಲ್ಲಿ ಸಿಗುವ ರಕ್ಷಣೆ. ಕಲಿಸುವ ಪಾಠಗಳಲ್ಲಿ, ಮಾದರಿ ಪ್ರೋಗ್ರಾಮುಗಳಲ್ಲಿ ಇದನ್ನು ಬಿಟ್ಟುಬಿಡುವ ರೂಢಿ ನಿಲ್ಲಬೇಕು. ಷರತ್ತಿಲ್ಲದೆ ಬರೆಯುವುದನ್ನು ಮೊದಲು ಕಲಿತವರು ಮುಂದೆ ಷರತ್ತು ಹಾಕಲು ನೆನಪಿಟ್ಟುಕೊಳ್ಳುವುದು ಅಪರೂಪ.

ಈಗ ಕಷ್ಟದ ಜಾಗಕ್ಕೆ ಬರೋಣ. ಬದಲಾವಣೆ ಯಶಸ್ವಿಯಾದರೆ ಉಪಕರಣ 204 ಎಂದು ಉತ್ತರಿಸುತ್ತದೆ. ಪ್ರೋಗ್ರಾಂ ಬರೆದವರಿಗೆ ಅದು ಕೆಲಸ ಮುಗಿದ ಸೂಚನೆಯಂತೆ ಕಾಣುತ್ತದೆ. ಆದರೆ 204 ಹೇಳುವುದು ಇಷ್ಟೇ: ನೀವು ಕಳಿಸಿದ್ದು ವ್ಯಾಕರಣಬದ್ಧವಾಗಿತ್ತು, ಮಾದರಿಯ ಮಿತಿಯೊಳಗಿತ್ತು, ನಾನು ಬರೆದುಕೊಂಡೆ. ಆ ಪೋರ್ಟ್ ಎದ್ದು ನಿಂತಿತೇ, ನೆರೆಯ ರೌಟರ್ ಮಾತಾಡುತ್ತಿದೆಯೇ, ಶಿವಮೊಗ್ಗದ ಕಚೇರಿಯಿಂದ ಬೆಂಗಳೂರಿನ ಸರ್ವರ್ ಸಿಗುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. 2018ರಲ್ಲಿ ಬಂದ ಆರ್‌ಎಫ್‌ಸಿ 8342 ಉಪಕರಣದೊಳಗಿನ ದತ್ತಾಂಶವನ್ನು ನಾವು ಬಯಸಿದ್ದು ಮತ್ತು ನಿಜವಾಗಿ ಚಾಲ್ತಿಯಲ್ಲಿ ಇರುವುದು ಎಂದು ಸ್ಪಷ್ಟವಾಗಿ ಬೇರ್ಪಡಿಸಿದ್ದು ಈ ಕಾರಣಕ್ಕೇ. ವ್ಯಾಕರಣಬದ್ಧವಾದ, ಮಿತಿಯೊಳಗಿನ, ಅರ್ಥದಲ್ಲಿ ಪೂರ್ತಿ ತಪ್ಪಾದ ಬದಲಾವಣೆಯನ್ನು ಯಾವ ಮಾದರಿಯೂ ತಡೆಯಲಾರದು. ಜಗತ್ತಿನ ದೊಡ್ಡ ಜಾಲಗಳು ಬಿದ್ದಾಗ ಕಾರಣ ಎಷ್ಟೋ ಸಲ ಇಂಥ ಬದಲಾವಣೆಯೇ.

ಹಳೆಯ ಕಾಲದ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ದೂರದ ರೌಟರಿನಲ್ಲಿ ಅಪಾಯದ ಕೆಲಸಕ್ಕೆ ಕೈಹಾಕುವ ಮುನ್ನ ಅವರು ‘ರಿಲೋಡ್ ಇನ್ 10’ ಎಂದು ಟೈಪ್ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ರೌಟರ್ ತಾನಾಗಿ ಮರುಚಾಲನೆಗೊಂಡು, ಉಳಿಸಿಟ್ಟ ಹಳೆಯ ಕಾನ್ಫಿಗರೇಶನ್‌ಗೆ ಮರಳುತ್ತದೆ. ಎಲ್ಲ ಸರಿಹೋದರೆ ಆ ಆಜ್ಞೆ ರದ್ದು ಮಾಡಿ ಹೊಸದನ್ನು ಉಳಿಸುವುದು, ಸಂಪರ್ಕ ಕಡಿದುಹೋದರೆ ಕೈಕಟ್ಟಿ ಕಾಯುವುದು. ಜೂನಿಪರ್ ಉಪಕರಣಗಳಲ್ಲಿ ಇದೇ ವಿವೇಕ ‘ಕಮಿಟ್ ಕನ್ಫರ್ಮ್ಡ್’ ಎಂಬ ಆಜ್ಞೆಯಾಯಿತು: ಬದಲಾವಣೆ ಜಾರಿಯಾಗುತ್ತದೆ, ಹತ್ತು ನಿಮಿಷದೊಳಗೆ ಇನ್ನೊಮ್ಮೆ ದೃಢಪಡಿಸದಿದ್ದರೆ ತಾನಾಗಿ ಹಿಂದಕ್ಕೆ ಹೋಗುತ್ತದೆ, ಮರುಚಾಲನೆಯ ಅಗತ್ಯವೂ ಇಲ್ಲ. ನೆಟ್‌ಕಾನ್ಫ್ ಇದನ್ನು ಮಾನದಂಡದೊಳಗೆ ತಂದಿತು. ಅಲ್ಲಿ ಬೇರೆ ಅವಧಿ ಹೇಳದಿದ್ದರೆ 600 ಸೆಕೆಂಡ್. ರೆಸ್ಟ್‌ಕಾನ್ಫ್ ಬಂದಾಗ ಇದನ್ನು ಕೈಬಿಟ್ಟರು. ನೆಟ್‌ಕಾನ್ಫ್‌ನ ಎಲ್ಲವನ್ನೂ ಹೊತ್ತು ತರುವ ಅಗತ್ಯವಿಲ್ಲ, ಸರಳವಾದ ಒಂದು ಭಾಗ ಸಾಕು ಎಂಬುದು ಅದನ್ನು ರೂಪಿಸಿದವರ ನಿಲುವು. ಪ್ರತಿ ಕೋರಿಕೆಯೂ ಬಂದ ಕೂಡಲೇ ಜಾರಿಯಾಗುತ್ತದೆ. ಉಳಿಸಿಟ್ಟ ಪ್ರತಿ ಬೇರೆಯಾಗಿರುವ ಉಪಕರಣಗಳಲ್ಲಿ ಅದೂ ಜೊತೆಜೊತೆಗೇ ಬದಲಾಗಬೇಕೆಂದು ಆರ್‌ಎಫ್‌ಸಿ 8040 ಹೇಳುತ್ತದೆ. ಅಂದರೆ ಮಾನದಂಡವನ್ನು ಅಕ್ಷರಶಃ ಪಾಲಿಸುವ ಉಪಕರಣದಲ್ಲಿ ‘ರಿಲೋಡ್ ಇನ್ 10’ ಎಂಬ ಹಳೆಯ ಉಪಾಯವೂ ಕೆಲಸಕ್ಕೆ ಬಾರದು, ಮರಳಿ ಹೋಗಲು ಹಳೆಯ ಪ್ರತಿ ಉಳಿದಿರುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ನೆಟ್‌ಕಾನ್ಫ್ ಮೂಲಕ ಒಬ್ಬರು ದೃಢೀಕರಣಕ್ಕೆ ಕಾದಿರುವಾಗ, ಆ ದೃಢೀಕರಣಕ್ಕೆ ಒಂದು ಗುರುತುಸಂಖ್ಯೆ ಕಡ್ಡಾಯ ಮಾಡಿರದಿದ್ದರೆ, ರೆಸ್ಟ್‌ಕಾನ್ಫ್ ಮೂಲಕ ಇನ್ನೊಬ್ಬರು ಕಳಿಸಿದ ಯಾವುದೋ ಬದಲಾವಣೆ ಆ ದೃಢೀಕರಣವನ್ನೇ ಮಾಡಿಬಿಡುತ್ತದೆ. ಮೊದಲಿನವರು ನೆಚ್ಚಿಕೊಂಡ ಹಿಂದಾರಿ ಅವರಿಗೇ ತಿಳಿಯದಂತೆ ಮುಚ್ಚಿಹೋಗುತ್ತದೆ.

ಇದಕ್ಕೆ ಸಿಗುವ ಉತ್ತರ ಹೀಗಿರುತ್ತದೆ: ಹಿಂದಕ್ಕೆ ಹೋಗುವ ಕೆಲಸವನ್ನು ಉಪಕರಣವೇ ಯಾಕೆ ಮಾಡಬೇಕು? ಬದಲಾವಣೆಯ ಮೊದಲು ಹಳೆಯ ಕಾನ್ಫಿಗರೇಶನ್ ಓದಿಟ್ಟುಕೊಳ್ಳಿ, ಬದಲಿಸಿ, ಹೊರಗಿನಿಂದ ಪರೀಕ್ಷಿಸಿ, ಕೆಟ್ಟರೆ ಹಳೆಯದನ್ನು ಮರಳಿ ಕಳಿಸಿ. ಉಪಕರಣಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಕಂಟ್ರೋಲರ್ ಸಾಫ್ಟ್‌ವೇರ್‌ಗಳು ಮಾಡುವುದು ಇದನ್ನೇ. ನೂರರಲ್ಲಿ ತೊಂಬತ್ತು ಸಲ ಇದು ಸಾಕು ಎಂದು ಒಪ್ಪುತ್ತೇನೆ. ಆದರೆ ನಮಗೆ ರಕ್ಷಣೆ ಬೇಕಿರುವುದು ಉಳಿದ ಹತ್ತರಲ್ಲಿ. ಬದಲಾವಣೆ ಕಡಿದದ್ದು ಕಂಟ್ರೋಲರ್ ಮತ್ತು ಉಪಕರಣದ ನಡುವಿನ ದಾರಿಯನ್ನೇ ಆದರೆ, ಕೂತ ಕೊಂಬೆಯನ್ನೇ ಕಡಿದಂತಾಯಿತು. ಹಳೆಯ ಕಾನ್ಫಿಗರೇಶನ್ ಕಂಟ್ರೋಲರ್ ಬಳಿ ಭದ್ರವಾಗಿದೆ, ಕಳಿಸಲು ದಾರಿಯಿಲ್ಲ. ಆಗ ಉಪಕರಣದೊಳಗೇ ಓಡುತ್ತಿರುವ ಒಂದು ಟೈಮರ್ ಬಿಟ್ಟರೆ ಬೇರೆ ಯಾವುದೂ ನೆರವಿಗೆ ಬರುವುದಿಲ್ಲ.

ಇದು ಕಾಗದದ ಮೇಲಿನ ಭಯವಲ್ಲ ಎಂಬುದಕ್ಕೆ ಕೆನಡಾ ಸಾಕ್ಷಿ. 2022ರ ಜುಲೈ 8ರ ಬೆಳಗಿನ ಜಾವ ರೋಜರ್ಸ್ ಕಂಪನಿಯ ಮೊಬೈಲ್, ಇಂಟರ್‌ನೆಟ್ ಎರಡೂ ದೇಶದುದ್ದಕ್ಕೂ ನಿಂತುಹೋದವು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು, 26 ಗಂಟೆಗಳ ತೊಂದರೆ. ಆ ಜಾಲದಲ್ಲಿದ್ದ ಎಷ್ಟೋ ಮಂದಿಗೆ ತುರ್ತು ಸಂಖ್ಯೆ 911 ಸಿಗಲಿಲ್ಲ, ಇಂಟರಾಕ್ ಡೆಬಿಟ್ ಪಾವತಿ ದೇಶಾದ್ಯಂತ ಕೆಟ್ಟಿತು. ಕೆನಡಾದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಸ್ವತಂತ್ರ ತಜ್ಞರಿಂದ ಮಾಡಿಸಿದ ಪರಿಶೀಲನೆಯ ಪ್ರಕಾರ, ಏಳು ಹಂತಗಳ ಮೇಲ್ದರ್ಜೆ ಕೆಲಸದ ಆರನೆಯ ಹಂತದಲ್ಲಿ ಡಿಸ್ಟ್ರಿಬ್ಯೂಷನ್ ರೌಟರ್‌ಗಳಿಂದ ಒಂದು ಫಿಲ್ಟರ್ ತೆಗೆದುಹಾಕಿದ್ದರು. ಅದು ತಡೆಹಿಡಿದಿದ್ದ ಮಾರ್ಗಗಳ ಮಾಹಿತಿ ಪ್ರವಾಹದಂತೆ ಕೋರ್ ರೌಟರ್‌ಗಳಿಗೆ ನುಗ್ಗಿತು, ಅವು ತಾಳಲಾರದೆ ಕುಸಿದವು. ಹಿಂದಿನ ಹಂತಗಳು ಸುಸೂತ್ರವಾಗಿ ಆಗಿದ್ದರಿಂದ ಈ ಹಂತದ ಅಪಾಯವನ್ನು ‘ಹೆಚ್ಚು’ ಎಂಬಲ್ಲಿಂದ ‘ಕಡಿಮೆ’ ಎಂಬಲ್ಲಿಗೆ ಇಳಿಸಲಾಗಿತ್ತು. ಉಪಕರಣಗಳನ್ನು ನಿರ್ವಹಿಸುವ ಜಾಲ ಅದೇ ಕೋರ್ ಮೇಲೆ ನಿಂತಿದ್ದರಿಂದ ಎಂಜಿನಿಯರುಗಳಿಗೆ ತಮ್ಮ ರೌಟರ್‌ಗಳೇ ಕಾಣದಾದವು. ಸಿಬ್ಬಂದಿ ಪರಸ್ಪರ ಮಾತಾಡಲು ಬಳಸುತ್ತಿದ್ದುದೂ ಸ್ವಂತ ಕಂಪನಿಯ ಫೋನ್. ಕಾರಣ ಪತ್ತೆಯಾಗಲು 14 ಗಂಟೆ ಬೇಕಾಯಿತು. ಆ ಬದಲಾವಣೆ ಯಾವ ಎಪಿಐ ಮೂಲಕ ಹೋಯಿತು ಎಂಬುದು ಇಲ್ಲಿ ಗೌಣ. ಫಿಲ್ಟರ್ ತೆಗೆದ ರೌಟರಿನಲ್ಲೇ ಹತ್ತು ನಿಮಿಷದ ಟೈಮರ್ ಓಡಿದ್ದರೆ, ದೃಢೀಕರಣ ಬಾರದ್ದನ್ನು ಕಂಡು ಫಿಲ್ಟರ್ ಮರಳಿ ಬರುತ್ತಿತ್ತು. ಕುಸಿದ ಕೋರ್ ರೌಟರ್‌ಗಳನ್ನು ಎಬ್ಬಿಸುವ ಕೆಲಸ ಆಗಲೂ ಉಳಿಯುತ್ತಿತ್ತು, ನಿಜ. ಆದರೆ ಪ್ರವಾಹದ ಮೂಲ ಮುಚ್ಚಿರುತ್ತಿತ್ತು, ಕಾರಣ ಹುಡುಕುತ್ತ ಅಷ್ಟು ಗಂಟೆ ಕತ್ತಲಲ್ಲಿ ಕಳೆಯಬೇಕಿರಲಿಲ್ಲ.

ಅದಕ್ಕೂ ಮೊದಲು, 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಣ್ಮರೆಯಾಗಿದ್ದೂ ಇದೇ ಬಗೆಯಲ್ಲಿ. ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಆಜ್ಞೆ ಆ ಜಾಲದ ಎಲ್ಲ ಸಂಪರ್ಕಗಳನ್ನೂ ಬೀಳಿಸಿತು. ಇಂಥ ಆಜ್ಞೆಗಳನ್ನು ತಡೆಯಲೆಂದೇ ಇದ್ದ ಪರಿಶೀಲನಾ ಸಾಧನದಲ್ಲಿ ದೋಷವಿದ್ದು ಅದು ತಡೆಯಲಿಲ್ಲ. ಜಗತ್ತಿನ ಅತಿ ನುರಿತ ತಂಡವೊಂದು, ಸ್ವಂತವಾಗಿ ಕಟ್ಟಿಕೊಂಡ ಪರಿಶೀಲನೆಯ ಹೊರತಾಗಿಯೂ, ಡೇಟಾ ಸೆಂಟರಿಗೆ ಜನರನ್ನು ಕಳಿಸಿ ಸರಿಪಡಿಸಬೇಕಾಯಿತು. ಪೂರ್ವಪರೀಕ್ಷೆ ಎಷ್ಟೇ ಬಿಗಿಯಾಗಿದ್ದರೂ ಅದರಿಂದ ಜಾರಿದ್ದಕ್ಕೆ ಎರಡನೆಯ ತಡೆ ಬೇಕು ಎಂಬ ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಕಾಣೆ.

ವೆಬ್ ಎಪಿಐ ವಿರುದ್ಧ ಎತ್ತುವ ಗಂಭೀರ ಆಕ್ಷೇಪ ಭದ್ರತೆಯದು. ಉಪಕರಣದೊಳಗೆ ವೆಬ್ ಸರ್ವರ್ ಇಟ್ಟರೆ ಕಳ್ಳರಿಗೂ ಪರಿಚಿತ ಬಾಗಿಲು ತೆರೆದಂತೆ ಎನ್ನುತ್ತಾರೆ. ಅಲ್ಲಗಳೆಯಲು ಬರುವುದಿಲ್ಲ. 2022ರ ಮೇನಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಉಪಕರಣಗಳ ರೆಸ್ಟ್ ಎಪಿಐಯಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಹೊಕ್ಕು ಆಜ್ಞೆ ನಡೆಸಬಹುದಾದ ದೋಷ ಹೊರಬಿತ್ತು, ಅದರ ತೀವ್ರತೆ ಹತ್ತಕ್ಕೆ 9.8. 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ಐಒಎಸ್ ಎಕ್ಸ್‌ಇ ಉಪಕರಣಗಳ ವೆಬ್ ನಿರ್ವಹಣಾ ಪುಟದಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ದೋಷ ಸಿಕ್ಕಿತು. ದಾಳಿಕೋರರು ಅತ್ಯುನ್ನತ ಅಧಿಕಾರದ ಖಾತೆಯನ್ನು ತಾವೇ ಸೃಷ್ಟಿಸಿಕೊಂಡು, ಸಾವಿರಾರು ಉಪಕರಣಗಳಿಗೆ ನುಗ್ಗಿದರು. ಆದರೆ ಈ ಎರಡರಲ್ಲೂ ಹೆಚ್ಚು ಪೆಟ್ಟು ತಿಂದದ್ದು ನಿರ್ವಹಣೆಯ ಬಾಗಿಲನ್ನು ಬಯಲು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದವರು. ಎಪಿಐ ಬೇಡ ಎಂಬುದು ಇದಕ್ಕೆ ಪರಿಹಾರವಲ್ಲ, ಎಸ್‌ಎಸ್‌ಎಚ್ ಬಾಗಿಲನ್ನು ಹಾಗೆ ತೆರೆದಿಡುವುದೂ ಅಷ್ಟೇ ತಪ್ಪು. ನಿರ್ವಹಣೆಗೆ ಪ್ರತ್ಯೇಕ ಜಾಲ ಬೇಕು, ಅದು ಮುಖ್ಯ ಜಾಲ ಬಿದ್ದಾಗ ಜೊತೆಗೆ ಬೀಳಬಾರದು. ರೋಜರ್ಸ್‌ಗೆ ಕೈಕೊಟ್ಟದ್ದೂ ಇದೇ ಆದ್ದರಿಂದ ಭದ್ರತೆಗೂ ಚೇತರಿಕೆಗೂ ಒಂದೇ ಖರ್ಚಿನಲ್ಲಿ ಉತ್ತರ ಸಿಗುತ್ತದೆ.

ಯಾಂತ್ರೀಕರಣ ತಪ್ಪನ್ನೂ ನೂರು ಪಟ್ಟು ಮಾಡುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಗೂಗಲ್ ಉದಾಹರಣೆ ಕೊಡುತ್ತಾರೆ. 2019ರ ಜೂನ್ 2ರಂದು ಒಂದೇ ಪ್ರದೇಶದ ಕೆಲವೇ ಸರ್ವರ್‌ಗಳಿಗೆ ಉದ್ದೇಶಿಸಿದ್ದ ಬದಲಾವಣೆ ಅಕ್ಕಪಕ್ಕದ ಹಲವು ಪ್ರದೇಶಗಳಿಗೆ ಹರಡಿ, ಅಲ್ಲಿನ ಜಾಲದ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ಕೆಲಸ ನಿಲ್ಲಿಸಿತು. ದಟ್ಟಣೆಯಿಂದ ಎಂಜಿನಿಯರುಗಳ ಸಾಧನಗಳೂ ನಿಧಾನವಾದವು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದರಿಂದ ಕೈಯಲ್ಲಿ ಟೈಪ್ ಮಾಡುವುದೇ ಮೇಲು ಎಂಬ ತೀರ್ಮಾನವನ್ನು ಮಾತ್ರ ಒಪ್ಪುವುದಿಲ್ಲ. ಐನೂರು ಉಪಕರಣಗಳಿಗೆ ಒಂದೇ ಏಟಿಗೆ ಕಳಿಸಲು ಸಾಧ್ಯ ಎಂದ ಮಾತ್ರಕ್ಕೆ ಕಳಿಸಬೇಕಿಲ್ಲ. ಮೊದಲು ಒಂದು, ಆಮೇಲೆ ಐದು, ಅರ್ಧ ಗಂಟೆ ನೋಡಿ ಐವತ್ತು. ಈ ತಾಳ್ಮೆಯನ್ನು ಪ್ರೋಗ್ರಾಮಿನಲ್ಲಿ ಒಮ್ಮೆ ಬರೆದಿಟ್ಟರೆ ಅದು ರಾತ್ರಿ ಎರಡು ಗಂಟೆಗೂ ದಣಿಯುವುದಿಲ್ಲ, ಮನುಷ್ಯನ ಕೈ ದಣಿಯುತ್ತದೆ.

ಮಾನದಂಡ ಒಂದೇ ಎಂಬುದು ಅರ್ಧಸತ್ಯ ಎಂಬ ದೂರು ಮಾತ್ರ ನ್ಯಾಯವಾದದ್ದು. ರೆಸ್ಟ್‌ಕಾನ್ಫ್ ಒಂದೇ ಆದರೂ ಅದರೊಳಗೆ ಇಂಟರ್‌ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನ ಯಾಂಗ್ ಮಾದರಿ, ದೊಡ್ಡ ಜಾಲಗಳ ಒಡೆಯರು ಸೇರಿ ಮಾಡಿದ ಓಪನ್‌ಕಾನ್ಫಿಗ್ ಮಾದರಿ, ಪ್ರತಿ ಕಂಪನಿಯ ಸ್ವಂತ ಮಾದರಿ ಎಂದು ಮೂರು ಬಗೆ ಇವೆ. ಒಂದು ಕಂಪನಿಯ ಸ್ವಿಚ್ಚಿಗೆ ಬರೆದ ಕೋರಿಕೆ ಇನ್ನೊಂದಕ್ಕೆ ಹಾಗೇ ನಡೆಯುವುದು ವಿರಳ. ಎರಡು ಸ್ವಿಚ್ ಇರುವ ಸಣ್ಣ ಕಚೇರಿಗೆ ಇದೆಲ್ಲ ಬೇಕೇ ಬೇಕು ಎಂದೂ ಹೇಳಲಾರೆ. ದೊಡ್ಡ ಜಾಲಗಳಲ್ಲಿ ಅಪಾಯದ ಬದಲಾವಣೆಗಳನ್ನಾದರೂ ನೆಟ್‌ಕಾನ್ಫ್ ಮೂಲಕವೇ, ದೃಢೀಕರಣದ ಟೈಮರ್ ಹಾಕಿ ಮಾಡುವುದು, ವಿವರಣೆ ತಿದ್ದುವ, ಪೋರ್ಟ್ ಆನ್ ಮಾಡುವಂಥ ಸಣ್ಣ ಕೆಲಸಗಳಿಗೂ ಸ್ಥಿತಿ ಓದುವುದಕ್ಕೂ ರೆಸ್ಟ್‌ಕಾನ್ಫ್ ಇಟ್ಟುಕೊಳ್ಳುವುದು ಸದ್ಯಕ್ಕೆ ಸರಿಯಾದ ದಾರಿ. ಎಷ್ಟೋ ಉಪಕರಣಗಳಲ್ಲಿ ಎರಡೂ ಇರುವುದರಿಂದ ಇದಕ್ಕೆ ಹೊಸ ಖರ್ಚಿಲ್ಲ.

ಖರೀದಿಯ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ರೆಸ್ಟ್ ಎಪಿಐ ಬೆಂಬಲ ಇದೆಯೇ’ ಎಂಬ ಒಂದು ಸಾಲಿಗೆ ಎಲ್ಲ ಕಂಪನಿಗಳೂ ‘ಹೌದು’ ಎಂದು ಬರೆದುಕೊಡುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಸರ್ಕಾರಿ ಟೆಂಡರಿರಲಿ, ಬ್ಯಾಂಕಿನದಿರಲಿ, ಕೊಳ್ಳುವವರು ಉಪಕರಣವನ್ನು ಮೇಜಿನ ಮೇಲಿಡಿಸಿ ಒಂದು ಪರೀಕ್ಷೆ ಮಾಡಿಸಬೇಕು. ಹತ್ತು ನಿಮಿಷದ ದೃಢೀಕರಣ ಟೈಮರ್ ಹಾಕಿ, ನಿರ್ವಹಣೆಗೆ ಬಳಸುತ್ತಿರುವ ಇಂಟರ್‌ಫೇಸಿನ ಐಪಿ ವಿಳಾಸವನ್ನೇ ಅಳಿಸುವ ಬದಲಾವಣೆ ಕಳಿಸಬೇಕು. ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಮಾರಾಟಗಾರರ ಎಂಜಿನಿಯರ್ ಕನ್ಸೋಲ್ ಕೇಬಲ್ ಮುಟ್ಟದಂತೆ ನೋಡಿಕೊಂಡು, ಇನ್ನೊಂದು ಲ್ಯಾಪ್‌ಟಾಪಿನಿಂದ ಆ ಹಳೆಯ ವಿಳಾಸಕ್ಕೆ ಪಿಂಗ್ ಹಚ್ಚಿ ಹನ್ನೊಂದನೆಯ ನಿಮಿಷದವರೆಗೆ ಕಾಯಬೇಕು. ಉತ್ತರ ಬಂದರೆ ಮುಂದಿನ ಮಾತು, ಬಾರದಿದ್ದರೆ ಆ ಉಪಕರಣದ ಉಳಿದ ಸೌಲಭ್ಯಗಳ ಪಟ್ಟಿ ಓದುವ ಅಗತ್ಯವಿಲ್ಲ.